ರೇಖೆಯೂ ವರ್ಣವೂ



ಮರವಿಲ್ಲದ, ಮನುಷ್ಯನಿಲ್ಲದ, ಬರಿಯ ಚೌಕ ತ್ರಿಕೋನಗಳ ಚಿತ್ರವನ್ನು ಕಂಡಾಗ ‘ಇದರ ಅರ್ಥವೇನು?’ ಎಂದು ನಾವು ಕೇಳುವುದುಂಟು. ಹಾಲೆಂಡಿನಲ್ಲಿ ಜನಿಸಿದ ಪೀಟ್ ಮಾಂಡ್ರಿಯಾನನು (1872–1944) ಕಪ್ಪು ಸರಳರೇಖೆಗಳನ್ನೆಳೆದು, ನಡುವಣ ಕೆಲವು ಚೌಕಗಳಿಗೆ ಕೆಂಪು, ಹಳದಿ, ನೀಲಿಗಳನ್ನು ತುಂಬಿ, ಬಹುಭಾಗವನ್ನು ಬಿಳಿದಾಗಿಯೇ ಬಿಟ್ಟನು. ಮೂಲೆಯ ಪುಟ್ಟ ಕೆಂಪು ಎದುರಿನ ವಿಶಾಲ ಬಿಳುಪಿಗೆ ಸರಿತೂಗಿ ನಿಲ್ಲುವುದೇ ಅಲ್ಲಿಯ ಅರ್ಥ.

ಇದು ನಮಗೆ ಹೊಸ ಪಾಠವಲ್ಲ. ಬೀದರಿನಲ್ಲಿ 1472ರಲ್ಲಿ ಪೂರ್ಣಗೊಂಡ ಮಹಮೂದ ಗವಾನನ ಮದರಸಾದಲ್ಲಿ ಉಳಿದಿರುವ ಮಿನಾರನ್ನು ನೋಡಿರಿ. ಬಣ್ಣದ ಮೆರುಗುಬಿಲ್ಲೆಗಳು ಏರಿಳಿಯುವ ಕೋನಗಳ ಸಾಲುಗಳಾಗಿ ಅದನ್ನು ಸುತ್ತುವರಿದಿವೆ. ಅಲ್ಲಿ ಯಾವ ಪ್ರಾಣಿಯ ರೂಪವೂ ಇಲ್ಲ. ಆದರೂ ನೋಡುವ ಕಣ್ಣು ತಾನಾಗಿ ಮೇಲೇರುತ್ತದೆ. ತಾಂಡೂರಿನ ನೀಲಿ, ಹಳದಿ ಕಲ್ಲುಗಳನ್ನು ಒಂದರ ಬದಿಗೊಂದು ಹಾಸಿದ ನೆಲವೂ, ನಮ್ಮ ತಾಯಂದಿರು ಚುಕ್ಕಿಯಿಟ್ಟು ಎಳೆಯುವ ರಂಗವಲ್ಲಿಯೂ ಹೇಳುವುದು ಇದನ್ನೇ.

1956ರಲ್ಲಿ ಎಳೆದ ಗೆರೆಯೊಂದು ಜಹೀರಾಬಾದು, ನಾರಾಯಣಖೇಡಗಳನ್ನು ಬೀದರ ಜಿಲ್ಲೆಯಿಂದಲೂ ತಾಂಡೂರನ್ನು ಅಂದಿನ ಗುಲಬರ್ಗಾ ಜಿಲ್ಲೆಯಿಂದಲೂ ಬೇರ್ಪಡಿಸಿತು. ಆ ಗೆರೆ ನಮ್ಮ ಕೈಯದಲ್ಲ. ಆದರೆ ಅಂಗಳದ ಗೆರೆ ನಮ್ಮದು. ಅಂಟಿಸುವ ರಂಗೋಲಿ ಹೊಸ್ತಿಲಿಗೆ ಬಂದಿರುವ ಈ ದಿನಗಳಲ್ಲಿ, ಕೈಯ ಕಸುಬಿನೊಡನೆ ಚುಕ್ಕಿ, ಎಳೆ, ಸುಳಿ ಎಂಬ ಅಜ್ಜಿಯ ನುಡಿಗಳೂ ಮರೆಯಾಗುತ್ತಿವೆ. ಮಕ್ಕಳನ್ನು ಒಮ್ಮೆ ಬೀದರಿಗೆ ಕರೆದೊಯ್ಯಿರಿ; ಮನೆಗೆ ಮರಳಿದ ಮೇಲೆ ಅವರ ಕೈಗೆ ರಂಗೋಲಿಯ ಪುಡಿಯನ್ನು ಕೊಟ್ಟು, ಒಂದೊಂದು ಎಳೆಯನ್ನೂ ಕನ್ನಡದಲ್ಲಿಯೇ ಹೆಸರಿಸಿರಿ. ಇಷ್ಟೇ ನನ್ನ ವಿಜ್ಞಾಪನೆ.