ಮಲ್ಲಿಗೆಯ ಎಲೆ ಹಳದಿಯಾದಾಗ



ಉಡುಪಿ ಬಳಿಯ ಅಲೆವೂರಿನಿಂದ ತೆಂಕು ದಿಕ್ಕಿಗೆ ಹೊರಟರೆ ಬೆಳ್ಳೆ, ಇನ್ನಂಜೆ, ಶಂಕರಪುರ. ಈ ಕಡೆಯ ಮನೆಯಂಗಳಗಳಲ್ಲಿ ಅರಳುವ ಹೂವಿಗೆ ಶಂಕರಪುರ ಮಲ್ಲಿಗೆ ಎಂದೂ ಉಡುಪಿ ಮಲ್ಲಿಗೆ ಎಂದೂ ಹೆಸರು. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಅದಕ್ಕೆ ಸಿಕ್ಕಿದೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಬೆಳಗಾಗುವ ಮೊದಲೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕೊಡುವ ಈ ಹೂವಿನಿಂದಲೇ ಎಷ್ಟೋ ಮನೆಗಳ ಖರ್ಚು ಸಾಗಿದೆ, ಮಕ್ಕಳ ಓದು ನಡೆದಿದೆ. ಹಾಗಾಗಿ ಮೊಗ್ಗು ಬಿಡುವ ಹೊತ್ತಿಗೆ ಗಿಡ ಹಳದಿಯಾದರೆ ಮನೆಯವರಿಗೆ ಕಳವಳವಾಗುವುದು ಸಹಜ. ಆ ಕಳವಳದಲ್ಲಿ ಕೈ ಮೊದಲು ಹೋಗುವುದು ಗೊಬ್ಬರದ ಚೀಲಕ್ಕೆ. ಚೀಲ ಬಿಚ್ಚುವ ಮೊದಲು ಎಲೆ, ಬೇರು, ಮಣ್ಣು ಮೂರನ್ನೂ ಒಮ್ಮೆ ನೋಡಿ ಎಂದು ಕೇಳಿಕೊಳ್ಳುವುದಕ್ಕೇ ಇಂದಿನ ಈ ಮಾತು.

ಎಲೆಯಿಂದಲೇ ಶುರು ಮಾಡೋಣ. ಹಳದಿಯಾದದ್ದು ಬುಡದ ಕಡೆಯ ಹಳೆ ಎಲೆಯೋ, ತುದಿಯ ಚಿಗುರೋ? ಅರ್ಧ ಉತ್ತರ ಇದರಲ್ಲೇ ಇದೆ. ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಗಿಡದೊಳಗೆ ಓಡಾಡಬಲ್ಲ ಪೋಷಕಾಂಶಗಳು. ಇವು ಕಡಿಮೆಯಾದಾಗ ಗಿಡ ಹಳೆ ಎಲೆಯಿಂದ ಹೀರಿ ಚಿಗುರಿಗೂ ಮೊಗ್ಗಿಗೂ ಕೊಡುತ್ತದೆ. ಹಾಗಾಗಿ ಸೊರಗುವುದು ಕೆಳಗಿನ ಎಲೆ. ಕಬ್ಬಿಣ, ಸುಣ್ಣದಂಶ (ಕ್ಯಾಲ್ಸಿಯಂ), ಬೋರಾನ್ ಹಾಗಲ್ಲ. ಒಮ್ಮೆ ಒಂದು ಎಲೆಯಲ್ಲಿ ಸೇರಿದರೆ ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತವೆ. ಅವುಗಳ ಕೊರತೆ ಮೊದಲು ಕಾಣುವುದು ಚಿಗುರಿನಲ್ಲಿ.

ಕೆಳಗಿನದೊಂದು ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ಎಲೆಯಿಡೀ ಒಂದೇ ಸಮ ಪೇಲವವಾಗಿದ್ದರೆ ಸಾರಜನಕದ ಕೊರತೆಯ ಅನುಮಾನ. ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗಿದ್ದರೆ ಮೆಗ್ನೀಸಿಯಂ. ಅಂಚು ಸುಟ್ಟಂತೆ ಕಂದಾಗಿದ್ದರೆ ಪೊಟ್ಯಾಷ್. ಆದರೆ ಕಾಪು, ಕಟಪಾಡಿಯ ಕಡಲ ಬದಿಯವರು ಇಲ್ಲಿ ಸ್ವಲ್ಪ ತಡೆದು ಯೋಚಿಸಬೇಕು. ಏಪ್ರಿಲ್–ಮೇ ಹೊತ್ತಿಗೆ ಬಾವಿ ನೀರು ಉಪ್ಪಾದರೂ ಎಲೆಯ ಅಂಚು ಹೀಗೆಯೇ ಸುಡುತ್ತದೆ. ಅಂಥ ಗಿಡಕ್ಕೆ ಪೊಟ್ಯಾಷ್ ಸುರಿದರೆ ಉಪ್ಪಿನ ಮೇಲೆ ಉಪ್ಪು ಹಾಕಿದಂತೆ. ಮೊದಲು ನೀರನ್ನು ಬಾಯಿಗೆ ಹಾಕಿ ನೋಡಿ.

ಎಲೆ ಏನೇ ಹೇಳಲಿ, ಬೇರನ್ನು ನೋಡದೆ ತೀರ್ಮಾನಕ್ಕೆ ಬರಬೇಡಿ. ಬುಡದಿಂದ ಒಂದು ಗೇಣು ದೂರದಲ್ಲಿ ಬೆರಳಿನಿಂದಲೇ ಮಣ್ಣು ಸರಿಸಿ ನಾಲ್ಕು ಎಳೆ ಬೇರು ಬಿಡಿಸಿ. ಆರೋಗ್ಯದ ಎಳೆ ಬೇರು ಬಿಳಿಚಾಗಿ, ಗಟ್ಟಿಯಾಗಿ ಇರುತ್ತದೆ. ಎಳೆದರೆ ಸಿಪ್ಪೆ ಕಳಚಿ ಬರುವ ಕಪ್ಪು ಬೇರು ಕೊಳೆತ ಬೇರು. ಸಣ್ಣ ಸಣ್ಣ ಗಂಟುಗಳಿದ್ದರೆ ಜಂತುಹುಳದ ಬಾಧೆ. ಬುಡದ ಸುತ್ತ ಬಿಳಿ ಎಳೆ, ಅದರ ನಡುವೆ ಸಾಸಿವೆ ಕಾಳಿನಂಥ ಉಂಡೆಗಳಿದ್ದರೆ ಶಿಲೀಂಧ್ರ. ಈ ಮೂರರಲ್ಲೂ ಎಲೆ ಹಳದಿಯಾಗುತ್ತದೆ, ಥೇಟ್ ಗೊಬ್ಬರ ಸಾಲದ ಗಿಡದ ಹಾಗೆ. ಬೇರೇ ಕೆಟ್ಟಿರುವಾಗ ಹಾಕಿದ ಗೊಬ್ಬರವನ್ನು ಹೀರುವುದು ಯಾವುದು? ಆಟಿ ತಿಂಗಳ ಮಳೆಯಲ್ಲಿ ಬುಡದಲ್ಲಿ ನೀರು ನಿಂತ ಗಿಡಕ್ಕೆ ಬೇಕಿರುವುದು ನೀರು ಹರಿದುಹೋಗಲು ಒಂದು ಕಣಿ, ಯೂರಿಯಾ ಅಲ್ಲ. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿದರೆ ಅದೂ ಪೋಷಕಾಂಶದ ದೋಷವೆಂದುಕೊಳ್ಳಬೇಡಿ. ಬಿಡಿಸಿ ನೋಡಿ, ಹೆಚ್ಚಿನ ಸಲ ಒಳಗೆ ಹುಳ ಇರುತ್ತದೆ.

ಇನ್ನು ಮಣ್ಣು. ನಮ್ಮ ಕಡೆಯ ಕಷ್ಟದ ಮೂಲ ಬಹುಪಾಲು ಇಲ್ಲಿಯೇ ಇದೆ ಎಂಬುದು ನನ್ನ ನಂಬಿಕೆ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಲಕ್ಷಾಂತರ ವರ್ಷ ಇಂಥ ಮಳೆ ತೊಳೆದು ಉಳಿಸಿದ್ದು ಮುರಕಲ್ಲಿನ ಕೆಂಪು ಮಣ್ಣು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಷ್, ಬೋರಾನ್ ನೀರಿನೊಡನೆ ಇಳಿದುಹೋಗಿವೆ. ಕಬ್ಬಿಣ, ಅಲ್ಯೂಮಿನಿಯಂ ಉಳಿದಿವೆ. ಹೀಗೆ ಮಣ್ಣು ಹುಳಿಯಾಗುತ್ತದೆ. ಹುಳಿಯನ್ನು ಅಳೆಯುವ ರಸಸಾರ, ಅಂದರೆ ಪಿಎಚ್, 7 ಇದ್ದರೆ ಸಮ. ನಮ್ಮಲ್ಲಿ 5ರ ಆಸುಪಾಸಿಗೆ ಇಳಿದ ತೋಟಗಳು ಅಪರೂಪವಲ್ಲ. ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ ಎಂಬುದನ್ನು ನೆನಪಿಡಿ. ಇಂಥ ಮಣ್ಣಿಗೆ ರಂಜಕದ ಗೊಬ್ಬರ ಹಾಕಿದರೆ ಕಬ್ಬಿಣವೂ ಅಲ್ಯೂಮಿನಿಯಮೂ ಅದನ್ನು ಹಿಡಿದುಬಿಡುತ್ತವೆ. ಗೊಬ್ಬರ ಮಣ್ಣಿನಲ್ಲಿದೆ, ಗಿಡಕ್ಕೆ ಸಿಗುವುದಿಲ್ಲ. ವರ್ಷವರ್ಷವೂ ದುಡ್ಡು ಸುರಿದು ಹೂ ಹೆಚ್ಚಾಗದೆ ಕೈಸೋತವರು ಎಷ್ಟು ಮಂದಿ!

ಹುಳಿ ತೆಗೆಯಲು ಸುಣ್ಣ ಬೇಕು. ಚಿಪ್ಪಿನ ಸುಣ್ಣ ಆದೀತು; ಮೆಗ್ನೀಸಿಯಮೂ ಕೊಡುವ ಡೋಲೊಮೈಟ್ ಇನ್ನೂ ಒಳ್ಳೆಯದು. ಮಣ್ಣು ಹಸಿಯಾಗಿರುವಾಗ ಹರಡಿ ಬೆರೆಸಿ, ಎರಡು ಮೂರು ವಾರ ಬಿಟ್ಟು ಗೊಬ್ಬರ ಕೊಡಿ. ಸುಣ್ಣವನ್ನು ಯೂರಿಯಾ ಅಥವಾ ಹಟ್ಟಿಗೊಬ್ಬರದ ಜತೆಗೇ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ಒಲೆಯ ಬೂದಿ ಪೊಟ್ಯಾಷ್ ಕೊಡುವುದಲ್ಲದೆ ಹುಳಿಯನ್ನೂ ತಗ್ಗಿಸುತ್ತದೆ. ನಮ್ಮ ಹಿರಿಯರು ಗಿಡದ ಬುಡಕ್ಕೆ ಬೂದಿ, ಸುಡುಮಣ್ಣು ಹಾಕುತ್ತಿದ್ದುದು ಅನುಭವದಿಂದ ಬಂದ ಜ್ಞಾನ. ಆದರೆ ಸುಣ್ಣ ಅತಿಯಾದರೆ ಕಬ್ಬಿಣ, ಸತು ಗಿಡಕ್ಕೆ ದಕ್ಕದೆ ಚಿಗುರು ಬಿಳಿಚಿಕೊಳ್ಳುತ್ತದೆ. ಎಷ್ಟು ಹಾಕಬೇಕೆಂಬುದನ್ನು ಮಣ್ಣಿನ ಪರೀಕ್ಷೆಯೇ ಹೇಳಬೇಕು.

ಕಡಲೆ ಹಿಂಡಿ ಮತ್ತು ಸೆಗಣಿ ಕೊಳೆಸಿದ ನೀರು ಮಲ್ಲಿಗೆಗೆ ಬಹಳ ಒಳ್ಳೆಯದು, ಸಂದೇಹವಿಲ್ಲ. ಆದರೆ ಅದರಲ್ಲಿ ಮುಖ್ಯವಾಗಿ ಇರುವುದು ಸಾರಜನಕ. ಎಲೆ ಕಡುಹಸಿರಾಗಿ, ಗೆಲ್ಲು ಉದ್ದುದ್ದ ಹೋಗಿ, ಮೊಗ್ಗು ಮಾತ್ರ ಕಾಣದಿದ್ದರೆ ಆ ನೀರನ್ನು ಕೆಲವು ವಾರ ನಿಲ್ಲಿಸಿ.

ಅನುಮಾನ ಉಳಿದರೆ ಇಡೀ ತೋಟದ ಮೇಲೆ ಪ್ರಯೋಗ ಬೇಡ. ಮೆಗ್ನೀಸಿಯಂ ಕೊರತೆಯೆಂದು ಕಂಡರೆ ಒಂದು ಲೀಟರ್ ನೀರಿಗೆ 5 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಕರಗಿಸಿ, ಒಂದೇ ಗಿಡದ ಒಂದೇ ಗೆಲ್ಲಿಗೆ ಸಂಜೆ ಸಿಂಪಡಿಸಿ, ಗೆಲ್ಲಿಗೊಂದು ದಾರ ಕಟ್ಟಿ. ಹದಿನೈದು ದಿನದಲ್ಲಿ ಪಕ್ಕದ ಗೆಲ್ಲಿಗಿಂತ ಅದು ಹಸಿರಾದರೆ ನಿಮ್ಮ ಊಹೆ ಸರಿ.

ಮಣ್ಣು ಪರೀಕ್ಷೆಗೆ ಕೊಡುವವರು ಗೊಬ್ಬರ ಅಥವಾ ಸುಣ್ಣ ಹಾಕುವ ಮೊದಲೇ ಮಾದರಿ ತೆಗೆಯಬೇಕು. ಮೇಲಿನ ಕಸ ಸರಿಸಿ, ಒಂದು ಗೇಣು ಆಳಕ್ಕೆ ಓರೆಯಾಗಿ ಅಗೆದು, ಹೊಂಡದ ಬದಿಯಿಂದ ಮೇಲಿಂದ ಕೆಳಗಿನವರೆಗೂ ಒಂದೇ ದಪ್ಪಕ್ಕೆ ಮಣ್ಣು ಕೆರೆದುಕೊಳ್ಳಿ. ತೋಟದ ಹತ್ತು ಕಡೆ ಹೀಗೆ ಮಾಡಿ, ಬೆರೆಸಿ, ನೆರಳಲ್ಲಿ ಒಣಗಿಸಿ; ಅರ್ಧ ಕಿಲೋದಷ್ಟು ಸಾಕು. ಗೊಬ್ಬರದ ಗುಂಡಿ, ಬಚ್ಚಲ ನೀರು ಹರಿಯುವ ಜಾಗ ಬಿಡಿ. ಒಳ್ಳೆಯ ಗಿಡಗಳ ಮಣ್ಣನ್ನೂ ಸೊರಗಿದ ಗಿಡಗಳ ಮಣ್ಣನ್ನೂ ಬೆರೆಸದೆ ಬೇರೆ ಬೇರೆ ಪೊಟ್ಟಣ ಕಟ್ಟಿ, ಹೆಸರು ಬರೆಯಿರಿ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗುವಾಗ ಮಣ್ಣಿನ ಜತೆ ಹಳದಿಯಾದ ಗೆಲ್ಲನ್ನೂ ಬೇರನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ವಿಜ್ಞಾನಿಗಳು ಮೊದಲು ಕೇಳುವುದು ಅದನ್ನೇ.