ಪಾಯದಲ್ಲಿ ಸಿಕ್ಕ ಕಲ್ಲು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)

ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಪ್ಪಾ ಎಂದು ಮೇಷ್ಟ್ರು ಹೇಳಿದ್ದರು. ನಾನು ಕಲ್ಲಿನ ಬಗ್ಗೆ ಮಾತಾಡುತ್ತೇನೆ, ಕ್ಷಮಿಸಬೇಕು.

ನಾನು ಇಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ತೋಟದಲ್ಲಿ ಕೊಬ್ಬರಿ ಅಟ್ಟ ಕಟ್ಟಲು ಪಾಯ ತೆಗೆದರು. ಸೊಂಟದ ಮಟ್ಟ ಇಳಿದಾಗ ಗುದ್ದಲಿಗೆ ಒಂದು ಚಪ್ಪಡಿ ತಗುಲಿತು. ಮೇಲೆತ್ತಿ ನೀರು ಸುರಿದು ತೊಳೆದರೆ ಬಿಲ್ಲು ಹಿಡಿದ ಒಬ್ಬ ಆಳು, ಪಕ್ಕದಲ್ಲಿ ದನಗಳು, ಮೇಲೆ ಎರಡು ಸಾಲು ಅಕ್ಷರ. ಕನ್ನಡದ ಹಾಗೇ ಕಾಣುತ್ತಿತ್ತು, ಓದಲು ಮಾತ್ರ ಒಂದೂ ಬರಲಿಲ್ಲ. "ಒಳ್ಳೇ ಮೂಲೆಗಲ್ಲಾಯ್ತು" ಅಂದರು ಕೆಲಸದವರು. ಅಜ್ಜಿ ಒಬ್ಬಳೇ, "ವೀರಗಲ್ಲು ಕಣ್ರೋ, ಅಡೀಗ್ ಹಾಕ್ಬೇಡಿ" ಎಂದು ಕೂಗಿದಳು. ಇಲಾಖೆಯವರು ಬಂದು ಕೆಲಸ ನಿಲ್ಲಿಸಿಬಿಟ್ಟರೆ ಎಂದು ಅಪ್ಪನಿಗೆ ಹೆದರಿಕೆ. ಕೆಡವಿದ ಕಾಯಿ ಅಂಗಳದಲ್ಲಿ ರಾಶಿ ಬಿದ್ದಿತ್ತು. ಅಟ್ಟಕ್ಕೇರಿ ವರ್ಷ ಕಳೆದರೆ ತಾನೇ ಅದು ಉಂಡೆ ಕೊಬ್ಬರಿ ಆಗುವುದು, ಮನೆಗೆ ದುಡ್ಡು ಬರುವುದು? ಸಂಜೆಯೊಳಗೆ ಕಲ್ಲು ಮುಖ ಕೆಳಗಾಗಿ ಪಾಯಕ್ಕೆ ಹೋಯಿತು. ಒಂದು ಬದಿ ಹಿಡಿದು ಇಳಿಸಿದವನು ನಾನೇ. ಒಂದು ಫೋಟೊ ಕೂಡ ಇಲ್ಲ.

ಆಮೇಲೆ ಬಿಇ ಮುಗಿಸಿ ಬೆಂಗಳೂರು ಸೇರಿದೆ. ಕೆಲಸ ಹೆಬ್ಬಾಳದ ಕಡೆ. 2018ರಲ್ಲಿ ಅಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಒಂದು ಶಾಸನದ ಕಲ್ಲು ಸಿಕ್ಕಿತು. ಅಲ್ಲಿನ ನಿವಾಸಿಗಳು, ಇತಿಹಾಸದ ಆಸಕ್ತರು ಸೇರಿ ಅದನ್ನು ಉಳಿಸಿಕೊಂಡರು. ಬಲ್ಲವರು ಓದಿ ನೋಡಿದರೆ ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು! ರಾಷ್ಟ್ರಕೂಟರ ದಾಳಿ ಎದುರಿಸಿ ಸತ್ತ ಕಿತ್ತಯ್ಯ ಎಂಬುವನ ನೆನಪಿನ ಕಲ್ಲು. ಅದರಲ್ಲಿ ಬರುವ 'ಪೆರ್ಬೊಳಲ್' ಎಂಬ ಹೆಸರೇ ಇಂದಿನ ಹೆಬ್ಬಾಳ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು ಎಂದು ಇದೇ ಶಾಲೆಯಲ್ಲಿ ಹಳಗನ್ನಡ ಪಾಠದಲ್ಲಿ ಕಲಿತದ್ದು ಆ ದಿನ ಉಪಯೋಗಕ್ಕೆ ಬಂತು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈಗ ಇಂಥ ಶಾಸನಗಳನ್ನು ತ್ರೀ-ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಪರದೆಯ ಮೇಲೆ ಬೆಳಕನ್ನು ಓರೆಯಾಗಿ ಬಿಟ್ಟರೆ, ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಎದ್ದು ಬರುತ್ತದೆ. ಅದನ್ನು ನೋಡುತ್ತಾ ನಮ್ಮ ಅಟ್ಟದ ಕಲ್ಲು ನೆನಪಾಗಿ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ನಮ್ಮ ಸೀಮೆ ಸಾಮಾನ್ಯದ್ದಲ್ಲ. ತುರುವೇಕೆರೆಯ ಹೊಯ್ಸಳರ ಗುಡಿಗಳನ್ನು ಎಲ್ಲರೂ ಬಲ್ಲರು. ಅವಕ್ಕಿಂತ ಹಳೆಯದು ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ, ಒಂಬತ್ತನೇ ಶತಮಾನದ್ದು. ಒಳಗೆ ಹೋಗಿ ತಲೆ ಎತ್ತಿ ನೋಡಿ: ನಡುವೆ ಕುಣಿಯುವ ಶಿವ, ಸುತ್ತ ದಿಕ್ಪಾಲಕರು. ಹತ್ತು ವರ್ಷ ಅದೇ ದಾರಿಯ ಬಸ್ಸಿನಲ್ಲಿ ಓಡಾಡಿಯೂ ನಾನು ಇಳಿದಿರಲಿಲ್ಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ ನಮ್ಮ ಜಿಲ್ಲೆಯದು, 1904ರಲ್ಲಿ ಅಚ್ಚಾದದ್ದು. ಅದರಲ್ಲಿ ನಮ್ಮ ಕಲ್ಲು ಇರಲು ಸಾಧ್ಯವಿಲ್ಲ. ಆಗ ಅದು ಮಣ್ಣಿನೊಳಗಿತ್ತು.

ಮುಂದಿನ ತಿಂಗಳು ಶಾಲೆಯ ಹೊಸ ಕೊಠಡಿಗಳಿಗೆ ಜೆಸಿಬಿ ಬರುತ್ತದೆ. ನನ್ನದೊಂದು ಕೋರಿಕೆ. ಕೆತ್ತಿದ ಕಲ್ಲು, ದಪ್ಪ ಹಳೇ ಇಟ್ಟಿಗೆ, ಮಡಕೆ ಚೂರು ಕಂಡರೆ ಅಲ್ಲೇ ನಿಲ್ಲಿಸಿ. ಎಷ್ಟು ಆಳದಲ್ಲಿ, ಎಲ್ಲಿ ಸಿಕ್ಕಿತು ಎಂದು ಬರೆದು, ಎತ್ತುವ ಮೊದಲೇ ಫೋಟೊ ತೆಗೆಯಿರಿ. ಜಾಗ ಗೊತ್ತಿಲ್ಲದಿದ್ದರೆ ಅರ್ಧ ಕಥೆ ಹೋದಂತೆ. ತಂತಿ ಬ್ರಷ್ ಹಾಕಿ ಉಜ್ಜಬೇಡಿ, ಸುಣ್ಣ, ಪೇಂಟು ಬಳಿಯಬೇಡಿ. ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ನಿಧಿ ಇದೆ ಎಂದು ರಾತ್ರಿ ಹೊತ್ತು ವೀರಗಲ್ಲು ಒಡೆಯುವವರು ನಮ್ಮಲ್ಲೂ ಇದ್ದಾರೆ. ಅವರಿಗೆ ನಾನು ಹೇಳುವುದೇನೂ ಇಲ್ಲ, ಪೊಲೀಸರು ಹೇಳಲಿ.

ಆ ಅಟ್ಟ ಈಗ ಸೋರುತ್ತಿದೆ. ಬೇಸಿಗೆಯಲ್ಲಿ ಬಿಚ್ಚಿ ಹೊಸದು ಕಟ್ಟೋಣ ಎನ್ನುತ್ತಿದ್ದಾನೆ ಅಣ್ಣ. ಯಾವ ಮೂಲೆ ಎಂದು ನನಗೆ ಚೆನ್ನಾಗಿ ನೆನಪಿದೆ. ಅಜ್ಜಿ ಈಗಿಲ್ಲ. ಅಪ್ಪ ಮೊನ್ನೆ ತಾವಾಗಿಯೇ, "ತೆಗ್ಸೋಣ ಬಿಡಪ್ಪಾ" ಅಂದರು. ಆ ವಾರ ರಜೆ ಹಾಕಿ ಬರುತ್ತೇನೆ. ಸಮಾಜ ಪಾಠದ ಮೇಷ್ಟ್ರು ಒಂಬತ್ತನೇ ತರಗತಿ ಮಕ್ಕಳನ್ನು ಕರೆದುಕೊಂಡು ತೋಟಕ್ಕೆ ಬರಬೇಕು. ಎಳನೀರು ನಮ್ಮದು.