ಐದನೇ ತಿಂಗಳ ಸ್ಕ್ಯಾನು
(ಹಾಸ್ಟೆಲ್ ಸಭೆಯಲ್ಲಿ ಆಡಿದ ಮಾತು)



ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದ ನಮಗೆ ತೊಗರಿ ಹೊಲ ಗೊತ್ತು. ಅಲ್ಲಿ ಬಸುರಿ ಅಕ್ಕಂದಿರು ಕಳೆ ತೆಗೆಯೋದೂ ಗೊತ್ತು. ಬಸುರಿನ 40 ವಾರದ ಲೆಕ್ಕ ಮಾತ್ರ ಗೊತ್ತಿಲ್ಲ.

ನಮ್ಮಕ್ಕ ಈಗ ಅರ್ಧ ದಾರಿ ಹತ್ತಿರ ಬಂದಾಳ. ಆಶಾ ಕಾರ್ಯಕರ್ತೆ ಸ್ಕ್ಯಾನಿಗೆ ಹೋಗು ಅಂದಳು. ಅಕ್ಕ ಅಂಜಿದಳು: “ಒಂದಿನದ ಕೂಲಿ ಹೋಗ್ತದ. ಮ್ಯಾಲೆ ರೊಕ್ಕ ಎಷ್ಟು ಕೇಳ್ತಾರೋ?” ಅವಳ ಅತ್ತಿ ಕೇಳಿದ್ದು ಒಂದೇ: “ಗಂಡೋ ಹೆಣ್ಣೋ ಹೇಳ್ತಾರೇನು?”

ಹೇಳೋದಿಲ್ಲ. 1994ರ ಕಾಯ್ದೆ ಪ್ರಕಾರ ಹೇಳುವುದು ಅಪರಾಧ. 18ರಿಂದ 20ನೇ ವಾರದೊಳಗೆ ನೋಡುವುದು ಕೂಸಿನ ಮಿದುಳು, ಬೆನ್ನೆಲುಬು, ಹೃದಯ, ಕೈಕಾಲು; ಮಾಸು ಎಲ್ಲಿ ಕುಂತದ ಅನ್ನೋದು. ತೊಂದರೆ ಈಗಲೇ ಕಂಡರೆ ಹೆರಿಗೆ ಎಲ್ಲಿ ಅಂತ ಮೊದಲೇ ನಿಶ್ಚಯಿಸಬಹುದು.

2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಈ ಸ್ಕ್ಯಾನ್ ಪುಕ್ಕಟೆ. 2016ರಿಂದ ಪ್ರತಿ ತಿಂಗಳ 9ರಂದು ಬಸುರಿಯರ ತಪಾಸಣೆಯೂ ಪುಕ್ಕಟೆ. ಇದು ಯಾರ ದಯೆಯೂ ಅಲ್ಲ, ಹಕ್ಕು.

1928ರಲ್ಲಿ ಬಾಬಾಸಾಹೇಬರು ಮುಂಬೈ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿ, ಹೆರಿಗೆಗೆ ಮುಂಚೆ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ ಅಂದರು. ಅದು ಕಾರ್ಖಾನೆ ಹೆಂಗಸರ ಮಸೂದೆ. ನಮ್ಮಕ್ಕ ಸ್ಕ್ಯಾನಿಗೆ ಹೋದರೆ ಆ ಒಂದಿನದ ಕೂಲಿಯನ್ನು ಹೊಲದ ಮಾಲೀಕ ಕೊಡೋದಿಲ್ಲ.

ಅದನ್ನ ಕೇಳೋಣ. ಅಲ್ಲಿತನಕ ಇಷ್ಟು ಮಾಡ್ರಿ: ರಜೆಗೆ ಊರಿಗೆ ಹೋದಾಗ ಮನಿಯ ತಾಯಿ ಕಾರ್ಡ್ ಓದ್ರಿ. ವಾರ ಎಣಿಸ್ರಿ. ಕಾರ್ಡು, ಹಳೆ ರಿಪೋರ್ಟು ಚೀಲದಾಗ ಇಟ್ಟುಕೊಂಡು ಜೊತೆಗೆ ಬಸ್ ಹತ್ರಿ. ಉಪವಾಸ ಬ್ಯಾಡ, ರೊಟ್ಟಿ ತಿಂದೇ ಹೋಗಲಿ. ಡಾಕ್ಟರ ಮಾತು ತಿಳಿಯದಿದ್ರ ಮತ್ತೊಮ್ಮೆ ಕೇಳ್ರಿ. ನಾವು ಬಿ.ಎ. ಓದಿದ್ದು ಅದಕ್ಕೇ.

ಬರುವ 9ಕ್ಕೆ ನಾ ಅಕ್ಕನ ಸಂಗಡ ಹೋಗ್ತೀನಿ. ನೀವೂ ಹೋಗ್ರಿ.

ಜೈ ಭೀಮ್.